ಮೊದಲು ಕೈಗೆ ಕೊಡಿ, ಆಮೇಲೆ ಹೇಳಿ: ಪುಟ್ಟ ಮಕ್ಕಳಿಗೆ ಮನೆಯಲ್ಲೇ ಯೇಸುವಿನ ದಾರಿ ಕಲಿಸುವುದು

ಇಸ್ರಾಯೇಲರು ಯೊರ್ದನ್ ಹೊಳೆ ದಾಟಿದ ದಿನ ಹೊಳೆಯ ನಡುವಿನಿಂದ ಹನ್ನೆರಡು ಕಲ್ಲು ಹೊತ್ತು ತಂದರು. ಯಾಕೆ ಅನ್ನುವುದು ಬೈಬಲಿನ ಯೆಹೋಶುವನ ಪುಸ್ತಕದ 4ನೇ ಅಧ್ಯಾಯದಲ್ಲಿದೆ. ಮುಂದೊಂದು ದಿನ ಮಕ್ಕಳು ಈ ಕಲ್ಲುಗಳೇನು ಅಂತ ಕೇಳುತ್ತಾರೆ, ಆಗ ನಡೆದದ್ದನ್ನು ಹೇಳಿ, ಅಂತ. ಪಸ್ಕ ಹಬ್ಬದ ಊಟವೂ ಹಾಗೇ. ಹುಳಿ ಇಲ್ಲದ ರೊಟ್ಟಿ, ಕಹಿ ಸೊಪ್ಪು. ಮಗು ಬಾಯಿಗಿಟ್ಟುಕೊಂಡು ಮುಖ ಕಿವುಚಿ 'ಇದೇನು?' ಅನ್ನುತ್ತದೆ. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆ ಶುರುವಾಗುವುದು ಆಮೇಲೆ.

ಸಂಡೇ ಸ್ಕೂಲಿನಲ್ಲಿ ಕಲಿಸಲು ಶುರು ಮಾಡಿದ ಹೊಸತರಲ್ಲಿ ನಾನು ಇದನ್ನೇ ತಿರುಗುಮುರುಗು ಮಾಡುತ್ತಿದ್ದೆ. ಮೊದಲು ಕಥೆ, ಆಮೇಲೆ ನೀತಿ, ಕೊನೆಗೆ ಬಣ್ಣ ತುಂಬಲು ಒಂದು ಹಾಳೆ. ಮಕ್ಕಳು ಸುಮ್ಮನೆ ಕೂತು ಕೇಳುತ್ತಿದ್ದರು. ಮುಂದಿನ ಭಾನುವಾರ ಕೇಳಿದರೆ ಕಥೆಯ ಒಂದು ಚೂರೂ ಉಳಿದಿರುತ್ತಿರಲಿಲ್ಲ. ನನ್ನ ಮಗಳು ಮೂರು ವರ್ಷದವಳಾದಾಗ ಮನೆಯಲ್ಲಿ ಈ ಸಾಲನ್ನು ತಿರುಗಿಸಿದೆ. ಮೊದಲು ಕೈಗೆ ಕೆಲಸ, ಆಮೇಲೆ ಅವಳ ಪ್ರಶ್ನೆ, ಕೊನೆಗೆ ನನ್ನ ಉತ್ತರ. ಕೆಳಗೆ ಬರೆದಿರುವುದೆಲ್ಲ ಮನೆಯಲ್ಲಿ ಮಾಡಿ ನೋಡಿದ್ದು. ಮೂರರಿಂದ ಏಳು ವರ್ಷದ ಮಕ್ಕಳಿಗೆ ಹೊಂದುತ್ತದೆ.

ಶುರು ಮಾಡುವ ಮುಂಚೆ

ಏನನ್ನೂ ಕೊಳ್ಳಬೇಡಿ. ಅಡುಗೆಮನೆ ಮತ್ತು ಹಿತ್ತಲಲ್ಲಿ ಇರುವುದೇ ಸಾಕು. ಒಂದು ಸಲಕ್ಕೆ ಹದಿನೈದು ನಿಮಿಷ, ವಾರಕ್ಕೆ ಒಂದೋ ಎರಡೋ ಸಲ. ಅದಕ್ಕಿಂತ ಜಾಸ್ತಿ ಬೇಡ. ಮಗುವಿಗೆ ನಿದ್ದೆ ಬಂದಿದ್ದರೆ, ಹಸಿವಾಗಿದ್ದರೆ ಆ ದಿನ ಬಿಟ್ಟುಬಿಡಿ. ಹಿಂದಿನ ರಾತ್ರಿ ಸತ್ಯವೇದದ (ಬೈಬಲಿನ) ಆ ಭಾಗವನ್ನು ನೀವೊಮ್ಮೆ ಓದಿಕೊಳ್ಳಿ. ಓದದೆ ಹೇಳಹೊರಟರೆ ನಮಗೆ ನೆನಪಿರುವ ಕಥೆಯೇ ಬೇರೆ ಆಗಿರುತ್ತದೆ.

ಮಗು ಇಂಗ್ಲಿಷ್ ಮೀಡಿಯಂನಲ್ಲಿ ಓದುತ್ತಿರಬಹುದು. ಆದರೂ ಕಥೆಯನ್ನು ಮನೆಮಾತಿನಲ್ಲೇ ಹೇಳಿ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ದುಡಿದು 1831ರ ಹೊತ್ತಿಗೆ ಪೂರ್ತಿ ಸತ್ಯವೇದವನ್ನು ಕನ್ನಡಕ್ಕೆ ತಂದರು. ಆ ದುಡಿಮೆಯ ಬೆಲೆ ನನಗೆ ಗೊತ್ತಾಗಿದ್ದು 23ನೇ ಕೀರ್ತನೆ ಕಲಿಸುವಾಗ. 'ಯೆಹೋವನು ನನಗೆ ಕುರುಬನು.' ಇಂಗ್ಲಿಷಿನಲ್ಲಿ ಹೇಳಿದರೆ ಮಗುವಿನ ಕಣ್ಣ ಮುಂದೆ ಪುಸ್ತಕದ ಚಿತ್ರ ಬರುತ್ತದೆ. 'ಕುರುಬ' ಅಂದರೆ ಊರಿಗೆ ಹೋಗುವಾಗ ರಸ್ತೆಯಲ್ಲಿ ಬಸ್ಸು ನಿಲ್ಲಿಸಿದ ಕುರಿಮಂದೆ, ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡ ಆ ಮನುಷ್ಯ, ಅವನ ಕಂಕುಳಲ್ಲಿದ್ದ ಮರಿ ನೆನಪಿಗೆ ಬರುತ್ತವೆ. ಮುಂದಿನ ಸಲ ಮಂದೆ ಸಿಕ್ಕರೆ ಗಾಡಿ ನಿಲ್ಲಿಸಿ ಮಗುವನ್ನು ಇಳಿಸಿ. ಕುರುಬ ಹೇಗೆ ಕೂಗು ಹಾಕುತ್ತಾನೆ, ಕುರಿಗಳು ಹೇಗೆ ತಿರುಗುತ್ತವೆ ನೋಡಲಿ. ಮನೆಗೆ ಬಂದು ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ. ಕೋಣೆಯ ಒಂದು ಮೂಲೆಯಿಂದ ಅಮ್ಮ, ಇನ್ನೊಂದು ಮೂಲೆಯಿಂದ ಬೇರೊಬ್ಬರು ಹೆಸರು ಹಿಡಿದು ಕರೆಯಿರಿ. ಮಗು ಅಮ್ಮನ ದನಿ ಹಿಡಿದು ನಡೆಯುತ್ತದೆ. ಕುರಿಗಳು ತನ್ನ ಸ್ವರ ಕೇಳುತ್ತವೆ ಅಂತ ಯೇಸು ಹೇಳಿದ್ದು ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಅದನ್ನು ಆ ರಾತ್ರಿ ಹೇಳಿದರೆ ಸಾಕು.

ಇನ್ನೊಂದು ಮಾತು, ಇದನ್ನು ಕೇಳಿಕೊಳ್ಳುತ್ತಿದ್ದೇನೆ ಅಂತಲೇ ತಿಳಿಯಿರಿ. 'ಸುಳ್ಳು ಹೇಳಿದ್ರೆ ದೇವರು ಕಣ್ಣು ಕುಕ್ತಾನೆ' ಅನ್ನುವ ಮಾತನ್ನು ಮನೆಯಿಂದ ಆಚೆ ಹಾಕಿ. ನಮ್ಮ ಅಜ್ಜಿಯರು ಬೇಕಂತ ಹೇಳಿದ್ದಲ್ಲ, ಬಾಯಿಗೆ ಬಂದುಬಿಡುತ್ತದೆ. ಆದರೆ ಕಣ್ಣು ಕುಕ್ಕುವ ದೇವರ ಹತ್ತಿರ ಯಾವ ಮಗು ತಾನೇ ಓಡಿಹೋಗುತ್ತದೆ? 'ದೇವರು ಪ್ರೀತಿಸ್ವರೂಪಿ' ಅನ್ನುವ ಎರಡು ಪದಗಳನ್ನು ಮೊದಲ ಬಾಯಿಪಾಠವಾಗಿ ಕೊಡಿ.

ಕಳೆದುಹೋದ ನಾಣ್ಯ

ಮೊದಲ ಸಲಕ್ಕೆ ಇದೇ ಒಳ್ಳೆಯದು. ಲೂಕನ ಸುವಾರ್ತೆ, 15ನೇ ಅಧ್ಯಾಯ. ಒಬ್ಬ ಹೆಂಗಸಿನ ಹತ್ತಿರ ಹತ್ತು ಬೆಳ್ಳಿ ನಾಣ್ಯ. ಒಂದು ಕಳೆದುಹೋಗುತ್ತದೆ. ದೀಪ ಹಚ್ಚುತ್ತಾಳೆ, ಮನೆ ಗುಡಿಸುತ್ತಾಳೆ, ಸಿಗುವ ತನಕ ಹುಡುಕುತ್ತಾಳೆ. ಸಿಕ್ಕಾಗ ನೆರೆಹೊರೆಯವರನ್ನು ಕರೆದು ಸಂತೋಷಪಡುತ್ತಾಳೆ.

ಸಂಜೆ, ಕತ್ತಲಾಗುವ ಹೊತ್ತಿಗೆ ಮಗುವಿನ ಮುಂದೆ ಒಂದು ರೂಪಾಯಿಯ ಹತ್ತು ನಾಣ್ಯ ಇಡಿ. ಒಂದೊಂದೇ ಮುಟ್ಟಿ ಎಣಿಸಲಿ. ಮೂರು ವರ್ಷದೊಳಗಿನವರು, ಎಲ್ಲವನ್ನೂ ಬಾಯಿಗೆ ಹಾಕುವವರು ಇದ್ದರೆ ನಾಣ್ಯ ಬೇಡ, ಹತ್ತು ಸ್ಟೀಲ್ ಚಮಚ ಇಟ್ಟುಕೊಳ್ಳಿ. ಮಗು ಕೈ ತೊಳೆಯಲು ಹೋದಾಗ ಒಂದನ್ನು ಮಂಚದ ಕೆಳಗೋ ಬಾಗಿಲ ಹಿಂದೆಯೋ ಇಟ್ಟುಬಿಡಿ. ಬಂದ ಮೇಲೆ ಮತ್ತೆ ಎಣಿಸಲು ಹೇಳಿ. ಒಂಬತ್ತೇ! ಈಗ ಲೈಟ್ ಆರಿಸಿ, ಮಗುವಿನ ಕೈಗೆ ಟಾರ್ಚ್ ಕೊಡಿ, ನೀವು ಪೊರಕೆ ಹಿಡಿಯಿರಿ. ಇಬ್ಬರೂ ಸೇರಿ ಹುಡುಕಿ. ಬೇಗ ತೋರಿಸಿಕೊಡಬೇಡಿ. 'ಒಂದು ರೂಪಾಯಿ ತಾನೇ, ಬಿಡು' ಅಂತ ನೀವೇ ಹೇಳಿ ನೋಡಿ. ನನ್ನ ಮಗಳು ಆ ಮಾತಿಗೆ ಸಿಟ್ಟಾಗಿದ್ದಳು. 'ಇಲ್ಲ, ಅದು ನಂದು' ಅಂದಳು. ಆ ಇಡೀ ಅಧ್ಯಾಯ ಅವಳ ಬಾಯಲ್ಲಿ ಎರಡೇ ಮಾತಿನಲ್ಲಿ ಬಂದುಬಿಟ್ಟಿತು.

ಮಂಚದ ಕೆಳಗೆ ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ, ತಲೆಗೂದಲೆಲ್ಲ ಧೂಳು ಮಾಡಿಕೊಂಡು ನಾಣ್ಯ ಹಿಡಿದು ಬಂದಳು. ಕಥೆಯಲ್ಲಿ ಇರುವ ಹಾಗೆ ನೆರೆಮನೆಗೆ ಹೇಳಬೇಕಲ್ವಾ? ಎದುರುಮನೆ ಆಂಟಿಯ ಬಾಗಿಲು ತಟ್ಟಿ 'ಆಂಟಿ, ಸಿಕ್ತು!' ಅಂದಳು. ಅವರಿಗೆ ಏನು ಸಿಕ್ತು ಅಂತ ಗೊತ್ತಿಲ್ಲ. ಆದರೂ ನಕ್ಕು ಒಳಗೆ ಹೋಗಿ ಒಂದು ರವೆ ಉಂಡೆ ತಂದು ಕೈಗಿಟ್ಟರು. ಈ ಕೊನೆಯ ಹೆಜ್ಜೆಯನ್ನು ಬಿಡಬೇಡಿ. ಸಂತೋಷವನ್ನು ಹಂಚಲು ಹೊಸ್ತಿಲು ದಾಟಲೇಬೇಕು.

ರಾತ್ರಿ ಮಲಗುವಾಗ ಕಥೆ ಹೇಳಿ. ಒಂದೇ ಒಂದು ಪ್ರಶ್ನೆ ಕೇಳಿ: 'ಆ ಅಮ್ಮ ಉಳಿದ ಒಂಬತ್ತು ಇದೆಯಲ್ಲ ಅಂತ ಯಾಕೆ ಸುಮ್ಮನಾಗಲಿಲ್ಲ?' ಮಗು ಏನು ಹೇಳಿದರೂ ಅದನ್ನು ತಿದ್ದಬೇಡಿ.

ನಾಲ್ಕು ಕರಟ, ಒಂದು ಚಿಟಿಕೆ ಸಾಸಿವೆ

ಬಿತ್ತುವವನ ಸಾಮ್ಯಕ್ಕೆ, ಅಂದರೆ ಕಾಳು ದಾರಿ, ಕಲ್ಲುನೆಲ, ಮುಳ್ಳುಗಿಡ, ಒಳ್ಳೆ ಮಣ್ಣು ಹೀಗೆ ನಾಲ್ಕು ಕಡೆ ಬೀಳುವ ಯೇಸುವಿನ ಹೋಲಿಕೆಯ ಕಥೆಗೆ, ನಾಲ್ಕು ತೆಂಗಿನ ಕರಟ ಬೇಕು. ತಳದಲ್ಲಿ ನೀರು ಇಳಿಯಲು ಒಂದೊಂದು ತೂತು ಇರಲಿ. ಮೊದಲನೆಯದರಲ್ಲಿ ಮಣ್ಣು ತುಂಬಿ, ಮಗುವಿನ ಕೈಯಲ್ಲೇ ಗಟ್ಟಿಯಾಗಿ ಬಡಿಸಿ. ಅದು ದಾರಿ. ಎರಡನೆಯದರಲ್ಲಿ ಜಲ್ಲಿಕಲ್ಲು ತುಂಬಿ ಮೇಲೆ ತೆಳ್ಳಗೆ ಮಣ್ಣು. ಮೂರನೆಯದಕ್ಕೆ ಹಿತ್ತಲಿಂದ ಗರಿಕೆಯನ್ನು ಬೇರುಸಮೇತ ಕಿತ್ತು ತಂದು ನೆಡಿ, ಅದು ಮುಳ್ಳುಗಿಡದ ಜಾಗಕ್ಕೆ. ನಾಲ್ಕನೆಯದರಲ್ಲಿ ಸಡಿಲವಾದ ಕೆಂಪು ಮಣ್ಣಿಗೆ ಒಂದು ಹಿಡಿ ಗೊಬ್ಬರ ಬೆರೆಸಿ. ಅಡುಗೆಮನೆಯ ಡಬ್ಬಿಯ ಸಾಸಿವೆಯೇ ಸಾಕು. ನಾಲ್ಕಕ್ಕೂ ಒಂದೊಂದು ಚಿಟಿಕೆ ಎರಚಿ, ನಾಲ್ಕಕ್ಕೂ ದಿನಾ ಅಷ್ಟೇ ನೀರು ಚಿಮುಕಿಸಿ, ಬಿಸಿಲು ಬೀಳುವ ಕಡೆ ಇಡಿ.

ಮೂರು ನಾಲ್ಕು ದಿನದಲ್ಲಿ ಮೊಳಕೆ ಕಾಣುತ್ತದೆ. ಇಲ್ಲಿಂದ ಮಗುವೇ ನೋಡಿ ಹೇಳಬೇಕು, ನೀವು ಬಾಯಿ ಬಿಡಬಾರದು. ಗಟ್ಟಿ ಮಣ್ಣಿನ ಮೇಲಿನ ಕಾಳನ್ನು ಇರುವೆ ಹೊತ್ತುಕೊಂಡು ಹೋಗುತ್ತದೆ, ಇಲ್ಲವೇ ಹಕ್ಕಿ ಬರುತ್ತದೆ. ಕಲ್ಲಿನ ಮೇಲಿನದು ಬೇಗ ಹಸಿರಾಗಿ, ಒಂದು ದಿನ ನೀರು ತಪ್ಪಿದರೆ ಬಾಡುತ್ತದೆ. ಹುಲ್ಲಿನ ನಡುವಿನದು ಸಣಕಲಾಗಿ ಏಳುತ್ತದೆ. ವಾರ ಕಳೆದ ಮೇಲೆ ಮಾರ್ಕನ 4ನೇ ಅಧ್ಯಾಯ ಓದಿ. 'ನೀನು ಯಾವ ಮಣ್ಣು?' ಅಂತ ಮಾತ್ರ ಕೇಳಬೇಡಿ. ಐದು ವರ್ಷದ ಮಗುವಿಗೆ ಅದು ಪರೀಕ್ಷೆಯ ಹಾಗೆ ಕೇಳಿಸುತ್ತದೆ. ಗಟ್ಟಿ ಮಣ್ಣಿನ ಕರಟವನ್ನು ಏನು ಮಾಡೋಣ ಅಂತ ಕೇಳಿ. ಬಹುಪಾಲು ಮಕ್ಕಳು ಅಗೆದು ಸಡಿಲ ಮಾಡೋಣ ಅನ್ನುತ್ತಾರೆ.

ಅದೇ ಅಧ್ಯಾಯದಲ್ಲಿ ಮುಂದೆ ಸಾಸಿವೆ ಕಾಳಿನ ಸಾಮ್ಯವೂ ಇದೆ. ಒಂದೇ ಒಂದು ಕಾಳನ್ನು ಮಗುವಿನ ಅಂಗೈ ಮೇಲಿಡಿ. ಉಸಿರು ಬಿಟ್ಟರೆ ಹಾರಿಹೋಗುವಷ್ಟು ಸಣ್ಣದು. ಆದರೆ ಕಥೆಯಲ್ಲಿರುವ ಹಾಗೆ ಬೆಳೆದ ಗಿಡಕ್ಕೆ ಹಕ್ಕಿ ಬಂದು ಕೂರುತ್ತದೆ ಅಂತ ಆಸೆ ಹುಟ್ಟಿಸಬೇಡಿ. ಯೇಸು ಹೇಳಿದ ಆ ನಾಡಿನ ಸಾಸಿವೆ ಆಳೆತ್ತರ ಮೀರಿ ಬೆಳೆಯುತ್ತದೆ, ನಮ್ಮ ಕರಟದ ಗಿಡ ಅಷ್ಟಾಗುವುದಿಲ್ಲ.

ಇಡ್ಲಿ ಹಿಟ್ಟು

ಪರಲೋಕ ರಾಜ್ಯ ಹಿಟ್ಟಿನಲ್ಲಿ ಬಚ್ಚಿಟ್ಟ ಹುಳಿಯ ಹಾಗೆ ಅಂತ ಮತ್ತಾಯನ 13ನೇ ಅಧ್ಯಾಯದಲ್ಲಿದೆ. ಬೇರೆ ಕಡೆಯವರು ಇದಕ್ಕೆ ಬ್ರೆಡ್ ಮಾಡಿಸುತ್ತಾರೆ. ನಮಗೆ ಇಡ್ಲಿ ಹಿಟ್ಟು ಇದೆ. ರುಬ್ಬಿದ ಹಿಟ್ಟನ್ನು ಒಂದು ಗಾಜಿನ ಬಾಟಲಿಗೆ ಅರ್ಧ ಹಾಕಿ, ಹಿಟ್ಟು ಇರುವ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ. ಮುಚ್ಚಳವನ್ನು ಸುಮ್ನೆ ಮೇಲಿಡಿ, ಬಿಗಿ ಮಾಡಬೇಡಿ. ಕೆಳಗೊಂದು ತಟ್ಟೆ ಇರಲಿ. ಬೆಳಿಗ್ಗೆ ಎದ್ದು ಮಗು ಮೊದಲು ಓಡುವುದು ಅಲ್ಲಿಗೇ. 'ರಾತ್ರಿ ನಾವು ಮಲಗಿದ್ದಾಗ ಯಾರಿಗೂ ಕಾಣದೆ ಉಬ್ಬಿದೆ ನೋಡು' ಅಂದರೆ ಮುಗಿಯಿತು. ಇಡ್ಲಿ ತಿನ್ನಿ. ಚಳಿಗಾಲದಲ್ಲಿ ಇದನ್ನು ಮಾಡಬೇಡಿ, ಹಿಟ್ಟು ಉಬ್ಬದೆ ಮಗುವಿಗೆ ಬೇಜಾರಾಗುತ್ತದೆ.

ಪ್ರಾರ್ಥನೆಗೆ ಐದು ಬೆರಳು

ಕೈ ಕಟ್ಟಿ ಕಣ್ಣು ಮುಚ್ಚು ಅಂದರೆ ನಾಲ್ಕು ವರ್ಷದ ಮಗುವಿಗೆ ಏನು ಹೇಳಬೇಕೆಂದು ಗೊತ್ತಾಗುವುದಿಲ್ಲ. ಬೆರಳು ಹಿಡಿದು ಕಲಿಸಿ. ಹೆಬ್ಬೆರಳು ನಮಗೆ ಹತ್ತಿರ, ಅದು ಮನೆಯವರಿಗೆ. ತೋರುಬೆರಳು ದಾರಿ ತೋರಿಸುವವರಿಗೆ: ಮಿಸ್, ಡಾಕ್ಟರ್, ಸಭೆಯ ಅಯ್ಯನವರು. ನಡುಬೆರಳು ಎತ್ತರ, ಊರು ನಾಡು ನಡೆಸುವವರಿಗೆ. ಉಂಗುರದ ಬೆರಳಿಗೆ ಬಲ ಕಡಿಮೆ, ಹುಷಾರಿಲ್ಲದವರಿಗೆ, ಊಟವಿಲ್ಲದವರಿಗೆ. ಕಿರುಬೆರಳು ತನಗೆ. ಒಂದೊಂದು ಬೆರಳಿಗೆ ಒಂದೊಂದು ಹೆಸರು, 'ಯೇಸಪ್ಪಾ, ನೋಡ್ಕೋ' ಅಂದರೂ ಪ್ರಾರ್ಥನೆಯೇ. ಯೇಸು ಶಿಷ್ಯರಿಗೆ ಕಲಿಸಿದ ಪರಲೋಕ ಪ್ರಾರ್ಥನೆಯನ್ನು ಇದರ ಜೊತೆಗೆ ದಿನಕ್ಕೊಂದು ಸಾಲಿನ ಹಾಗೆ ಸೇರಿಸುತ್ತಾ ಹೋಗಿ. ಅವಸರ ಬೇಡ.

ಕ್ರಿಸ್ಮಸ್ ಬರುವ ತನಕ ಕಾಯುವುದು

1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್‌ರಿಕ್ ವಿಖೆರ್ನ್ ಅನ್ನುವ ಪಾದ್ರಿ, ಕ್ರಿಸ್ಮಸ್‌ಗೆ ಎಷ್ಟು ದಿನ ಉಳಿದಿದೆ ಅಂತ ಮಕ್ಕಳು ಎಣಿಸುವ ಹಾಗೆ ಹಳೇ ಗಾಡಿಯ ಚಕ್ರದ ಮೇಲೆ ಮೇಣದಬತ್ತಿ ಇಟ್ಟರು. ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿ. ಇವತ್ತು ಚರ್ಚುಗಳಲ್ಲಿ ಕಾಣುವ ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲದ) ಹಸಿರು ಚಕ್ರ ಬೆಳೆದು ಬಂದದ್ದು ಅಲ್ಲಿಂದ. ನಾವು ಅಗಲ ತಟ್ಟೆಗೆ ಮರಳು ಹಾಕಿ ನಾಲ್ಕು ಹಣತೆ ಇಡುತ್ತೇವೆ. ಮೊದಲ ಭಾನುವಾರ ಒಂದು, ಮುಂದಿನ ವಾರ ಎರಡು. ಹಚ್ಚುವುದು ದೊಡ್ಡವರು, ಆರಿಸುವುದು ಮಗು. ದಿನಾ ಎಷ್ಟು ದಿನ ಇದೆ ಅಂತ ಕೇಳಿದರೆ ಹಣತೆ ತೋರಿಸಿ.

ಡಿಸೆಂಬರ್ 12ರ ಸುಮಾರಿಗೆ ಒಂದು ಹಿಡಿ ಗೋಧಿಯನ್ನು ರಾತ್ರಿ ನೆನೆಸಿ, ಅಗಲವಾದ ಟ್ರೇಯಲ್ಲಿ ಮಣ್ಣು ಹಾಕಿ ಒತ್ತೊತ್ತಾಗಿ ಬಿತ್ತಿ. ಹಬ್ಬದ ಹೊತ್ತಿಗೆ ಗೋದಲಿಯ (ಯೇಸು ಹುಟ್ಟಿದಾಗ ಮಲಗಿಸಿದ ದನದ ಮೇವಿನ ತೊಟ್ಟಿಯ) ಸುತ್ತ ನಿಜವಾದ ಹುಲ್ಲುಗಾವಲು ಸಿಗುತ್ತದೆ. ಬೊಂಬೆಗಳನ್ನು ಜೇಡಿಮಣ್ಣಿನಲ್ಲಿ ಮಗುವೇ ಮಾಡಲಿ, ಕತ್ತೆ ನಾಯಿಯ ಹಾಗಿದ್ದರೂ ಇರಲಿ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಗೋದಲಿ ಮಾಡಿಸಿದಾಗ ನಿಜವಾದ ಹುಲ್ಲು, ನಿಜವಾದ ಎತ್ತು, ಕತ್ತೆ ತರಿಸಿದ್ದರು. ಬೇತ್ಲೆಹೇಮಿನ ಬಡತನವನ್ನು ಜನ ಕಣ್ಣಾರೆ ನೋಡಲಿ ಅನ್ನುವುದು ಅವರ ಆಸೆ. ಅಂಗಡಿಯ ಮಿನುಗುವ ಸೆಟ್‌ಗಿಂತ ಮಗುವಿನ ಮಣ್ಣಿನ ಬೊಂಬೆ ಅದಕ್ಕೆ ಹತ್ತಿರ ಅಂತ ನನಗನ್ನಿಸುತ್ತದೆ.

24ರ ರಾತ್ರಿ ತನಕ ಗೋದಲಿ ಖಾಲಿ ಇರಲಿ. ಮಗು ಯೇಸುವಿನ ಬೊಂಬೆಯನ್ನು ಅದರಲ್ಲಿ ಮಲಗಿಸುವ ಕೆಲಸ ಮನೆಯ ಕಿರಿಯರದ್ದು. ಯೇಸುವನ್ನು ನೋಡಲು ಮೂಡಣ ದೇಶದಿಂದ ಬಂದ ಜೋಯಿಸರ ಬೊಂಬೆಗಳನ್ನು ಆಗಲೇ ತಂದು ನಿಲ್ಲಿಸಬೇಡಿ. ಅವರು ಅಡುಗೆಮನೆಯ ಕಿಟಕಿಯಿಂದ ಹೊರಟು ದಿನಕ್ಕೊಂದು ಮೊಳ ನಡೆದು ಜನವರಿ 6ಕ್ಕೆ ತಲುಪಲಿ.

ಹಬ್ಬದ ತಿಂಡಿ ಹಂಚುವಾಗ ತಟ್ಟೆ ಮಗುವಿನ ಕೈಯಲ್ಲಿರಬೇಕು. ಮಂಗಳೂರು ಕಡೆಯವರ ಕುಸ್ವಾರ್ ಇರಲಿ, ನಮ್ಮ ಮನೆಯ ಕರ್ಜಿಕಾಯಿ, ರೋಸ್ ಕುಕ್ಕೀಸ್, ಚಕ್ಕುಲಿ ಇರಲಿ. ಮೊದಲ ತಟ್ಟೆ ಬೀದಿ ಗುಡಿಸುವ ಅಮ್ಮನಿಗೆ, ಆಮೇಲೆ ಉಳಿದವರಿಗೆ. ಬೇತ್ಲೆಹೇಮಿನಲ್ಲಿ ಮೊದಲು ಸುದ್ದಿ ಮುಟ್ಟಿದ್ದು ರಾತ್ರಿ ಕೆಲಸ ಮಾಡುತ್ತಿದ್ದ ಕುರುಬರಿಗೆ ತಾನೇ.

ಪವಿತ್ರ ವಾರ

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟ ಗರಿಯನ್ನು ಮನೆಗೆ ತಂದು ಶಿಲುಬೆ ಮಾಡಿ. ತೆಂಗಿನ ಗರಿಯ ಕಡ್ಡಿ ತೆಗೆದು, ಒಂದು ಗೇಣು ಉದ್ದದ ಒಂದು ತುಂಡು, ಅದರ ಅರ್ಧದಷ್ಟು ಇನ್ನೊಂದು. ಉದ್ದದ ತುಂಡಿನ ಮೇಲ್ಭಾಗದಲ್ಲಿ ನೀವು ಬ್ಲೇಡಿನಿಂದ ಸೀಳಿ ಕೊಡಿ, ಚಿಕ್ಕದನ್ನು ಮಗು ಅದರೊಳಗೆ ತೂರಿಸಲಿ.

ಗುರುವಾರ ರಾತ್ರಿ ಕಾಲು ತೊಳೆಯುವುದು. ಒಂದು ಬೋಗುಣಿ, ಉಗುರುಬೆಚ್ಚಗಿನ ನೀರು, ಒಂದು ಟವೆಲ್. ಶಿಷ್ಯರ ಕಾಲು ತೊಳೆಯುವಾಗ ಯೇಸು ಮಾಡಿದ ಹಾಗೆ ಟವೆಲನ್ನು ಸೊಂಟಕ್ಕೆ ಸುತ್ತಿಕೊಳ್ಳಿ. ಮಕ್ಕಳು ದೊಡ್ಡವರ ಕಾಲು ಮುಟ್ಟುವುದು ನಮ್ಮಲ್ಲಿ ಹೊಸದಲ್ಲ. ಇಲ್ಲಿ ಅದು ತಿರುಗಬೇಕು. ಮೊದಲು ಅಪ್ಪ ಕೆಳಗೆ ಕೂತು ಮಗುವಿನ ಕಾಲು ತೊಳೆಯಲಿ. ನಮ್ಮ ಮನೆಯಲ್ಲಿ ಮಗಳು ಕಚಗುಳಿಯಾಗಿ ಕಿಲಕಿಲ ನಕ್ಕಳು. ಆಮೇಲೆ ನಾನು ಅತ್ತೆಯ ಮುಂದೆ ಬೋಗುಣಿ ಇಟ್ಟೆ. ಅವರು ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. 'ಬೇಡಮ್ಮ, ಬಿಡು, ನನ್ನ ಕಾಲೆಲ್ಲ ಒಡೆದುಹೋಗಿದೆ' ಅಂದರು. ಯೇಸುವಿನ ಶಿಷ್ಯ ಪೇತ್ರನೂ ಅವತ್ತು ಮೊದಲು ಒಪ್ಪಿರಲಿಲ್ಲ ಅಂತ ನಾನು ನೆನಪಿಸಿದೆ. ಸ್ವಲ್ಪ ಹೊತ್ತಿಗೆ ಕಾಲು ಮುಂದೆ ಬಂತು. ಹಿಮ್ಮಡಿಯ ಬಿರುಕುಗಳಲ್ಲಿ ಕಪ್ಪು ಗೆರೆಗಳಾಗಿದ್ದವು. ಮಗಳು ನನ್ನ ಪಕ್ಕ ಬಂದು ಕೂತು, ಟವೆಲಿನ ತುದಿಯಿಂದ ಒಂದೊಂದೇ ಬೆರಳಿನ ಸಂದಿ ಒರೆಸಿದಳು. ಯಾರೂ ಏನೂ ವಿವರಿಸಲಿಲ್ಲ. ಆಮೇಲೆ ಯೋಹಾನನ 13ನೇ ಅಧ್ಯಾಯದ ಮೊದಲ ಹದಿನೈದು ವಚನ ಓದಿದೆವು, ಅಷ್ಟೇ.

ಶುಭ ಶುಕ್ರವಾರಕ್ಕೆ ಮೊಳೆ, ರಕ್ತ ಅಂತ ವರ್ಣಿಸಿ ಪುಟ್ಟ ಮಕ್ಕಳನ್ನು ಹೆದರಿಸಬೇಡಿ. ಬೆಳಿಗ್ಗೆ ಒಂದು ಲೋಟ ಹೆಸರುಕಾಳು ನೆನೆಹಾಕಿ. ಸಂಜೆ ಪ್ರಾರ್ಥನೆ ಮುಗಿಸಿ ಬಂದು ನೀರು ಬಸಿದು, ಕಾಳನ್ನು ಬಿಳಿ ಪಂಚೆಯ ತುಂಡಿನಲ್ಲಿ ಮಗುವೇ ಸುತ್ತಿ ಗಂಟು ಹಾಕಲಿ. ಒಂದು ಪಾತ್ರೆಯೊಳಗಿಟ್ಟು ತಟ್ಟೆ ಮುಚ್ಚಿ, ಮೇಲೊಂದು ಕಲ್ಲು ಇಡಿ. 'ಯೇಸಪ್ಪನನ್ನು ಬಟ್ಟೆಯಲ್ಲಿ ಸುತ್ತಿ ಸಮಾಧಿಯಲ್ಲಿ ಇಟ್ಟರು, ಬಾಗಿಲಿಗೆ ಕಲ್ಲು ಇಟ್ಟರು' ಅನ್ನಿ. ಶನಿವಾರ ಬಟ್ಟೆಗೆ ಸ್ವಲ್ಪ ನೀರು ಚಿಮುಕಿಸಬೇಕು, ಅದನ್ನು ನೀವೇ ಮಾಡಿ, ಮಗು ನೋಡಬಾರದು. ಈಸ್ಟರ್ ಬೆಳಿಗ್ಗೆ ಎಬ್ಬಿಸಿದ ಕೂಡಲೇ ಕಲ್ಲು ಸರಿಸಲು ಹೇಳಿ. ಬಟ್ಟೆ ಬಿಚ್ಚಿದರೆ ಬಿಳಿ ಮೊಳಕೆಗಳು ನೇಯ್ಗೆಯನ್ನೇ ತೂರಿಕೊಂಡು ಹೊರಗೆ ಬಂದಿರುತ್ತವೆ. ಸ್ವಲ್ಪ ಕೋಸಂಬರಿ ಮಾಡಿ ತಿನ್ನಿ, ಸ್ವಲ್ಪ ಮಣ್ಣಿಗೆ ಹಾಕಿ.

ಆ ಬೆಳಿಗ್ಗೆ ಮಗಳು ಕೇಳಿದ್ದು, 'ತಾತನೂ ಹೀಗೆ ಮೊಳಕೆ ಬರ್ತಾರಾ?' ಅವರನ್ನು ಮಣ್ಣು ಮಾಡಿ ಐದು ತಿಂಗಳಾಗಿತ್ತು. ಇಂಥ ಪ್ರಶ್ನೆಗೆ ಮೊದಲೇ ತಯಾರಾಗಿರಿ, ಬಂದೇ ಬರುತ್ತದೆ. 'ತಾತನನ್ನ ಮತ್ತೆ ನೋಡ್ತೀವಿ ಅಂತ ನಾವು ನಂಬ್ತೀವಿ. ಯಾವತ್ತು, ಹೇಗೆ ಅಂತ ಅಮ್ಮಂಗೂ ಗೊತ್ತಿಲ್ಲ' ಅಂದೆ. ಸತ್ತವರು ಏಳುವುದನ್ನು ಹೇಳುವಾಗ ಪೌಲನೂ ಕೊರಿಂಥದವರಿಗೆ ಕಾಳಿನ ಮಾತನ್ನೇ ಬರೆದ, ಮೊದಲ ಪತ್ರದ 15ನೇ ಅಧ್ಯಾಯದಲ್ಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. 'ತಾತ ನಕ್ಷತ್ರ ಆಗಿದ್ದಾರೆ' ಅಂತ ಹೇಳಿಬಿಟ್ಟರೆ, ದೊಡ್ಡವಳಾದ ಮೇಲೆ ಅದನ್ನು ಬಿಡಿಸುವುದು ಕಷ್ಟ.

ಕಿಟಕಿಯ ಕಲ್ಲುಗಳು

ಇದು ವರ್ಷಪೂರ್ತಿ ನಡೆಯುವ ಕೆಲಸ. ತಿಂಗಳಿಗೊಂದು ಕಲ್ಲು, ವರ್ಷಕ್ಕೆ ಹನ್ನೆರಡು. ತಿಂಗಳ ಕೊನೆಯ ದಿನ ಮಗುವನ್ನು ಕರೆದುಕೊಂಡು ನಡೆಯಲು ಹೋಗಿ, ಅಂಗೈಯಲ್ಲಿ ಹಿಡಿಸುವ ಕಲ್ಲನ್ನು ಮಗುವೇ ಆರಿಸಲಿ. ತೊಳೆದು ಒಣಗಿಸಿ. ಈ ತಿಂಗಳು ದೇವರಿಗೆ ಯಾವುದಕ್ಕೆ ಥ್ಯಾಂಕ್ಸ್ ಹೇಳೋಣ ಅಂತ ಕೇಳಿ. ಮಗು ಹೇಳಿದ್ದನ್ನೇ ಪೇಂಟಿನಲ್ಲಿ ಎರಡು ಮೂರು ಪದ ಬರೆಯಿರಿ. ಬರೆಯಲು ಬಾರದವರು ಚಿತ್ರ ಬಿಡಿಸಲಿ. ನಿಮಗೆ ದೊಡ್ಡದೆನಿಸಿದ್ದನ್ನು ಅವರ ಬಾಯಿಗೆ ತುರುಕಬೇಡಿ. ಕಲ್ಲನ್ನು ಬಂದವರ ಕಣ್ಣಿಗೆ ಬೀಳುವ ಕಡೆ, ಹಾಲ್‌ನ ಕಿಟಕಿಯಲ್ಲಿ ಇಡಿ. ಯಾರಾದರೂ ಇದೇನು ಅಂತ ಕೇಳಿದರೆ ಉತ್ತರ ಹೇಳುವುದು ಮಗು, ನೀವಲ್ಲ.

ನಮ್ಮ ಮೊದಲ ಕಲ್ಲು ರಸ್ತೆ ಕೆಲಸದಲ್ಲಿ ಬಿದ್ದಿದ್ದ ಒಂದು ಜಲ್ಲಿ ಚೂರು. ಅದರ ಮೇಲೆ ನೀಲಿ ಬಣ್ಣದಲ್ಲಿ 'ಅಜ್ಜಿ ಕಣ್ಣು ಆಪರೇಷನ್' ಅಂತಿದೆ. ಎರಡನೆಯದರ ಮೇಲೆ 'ಮಾವಿನಹಣ್ಣು'.